ಹೆಂಟೆ ಕರಗುವ ಪರಿ
ಮಣ್ಣಿನ ಆರೋಗ್ಯದ ಬಗ್ಗೆ ಈಚೆಗೆ ಓದುತ್ತಿರುವ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಒಂದು ಸರಳ ಪರೀಕ್ಷೆ. ಪದೇ ಪದೇ ಉಳುಮೆಯಾದ ಹೊಲದ ಒಣ ಹೆಂಟೆಯನ್ನೂ ಕಾಡಿನ ಮರದಡಿಯ ಒಣ ಹೆಂಟೆಯನ್ನೂ ಜಾಲರಿಯ ಮೇಲಿಟ್ಟು ನೀರಿಗಿಳಿಸಿದರೆ, ಮೊದಲನೆಯದು ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಕುಸಿದು ನೀರನ್ನು ಬಗ್ಗಡವಾಗಿಸುತ್ತದೆ. ಎರಡನೆಯದು, ಬೇರುಗಳು, ಶಿಲೀಂಧ್ರದ ಎಳೆಗಳು ಹಾಗೂ ಸೂಕ್ಷ್ಮಜೀವಿಗಳು ಸ್ರವಿಸುವ ಅಂಟು ಅದರ ಕಣಗಳನ್ನು ಹಿಡಿದಿಟ್ಟಿರುವುದರಿಂದ, ಬಹುಮಟ್ಟಿಗೆ ಇಡಿಯಾಗಿಯೇ ಉಳಿಯುತ್ತದೆ. ಬರಿನೆಲಕ್ಕೆ ಬಡಿಯುವ ಮಳೆಹನಿಯ ಕೆಲಸವೂ ಇದೇ: ಒಡೆದ ಕಣಗಳು ರಂಧ್ರಗಳನ್ನು ಮುಚ್ಚುತ್ತವೆ, ಇಂಗಬೇಕಾದ ನೀರು ಮೇಲ್ಮಣ್ಣನ್ನು ಹೊತ್ತು ಹರಿಯುತ್ತದೆ. ಹೀಗೆ ಹರಿಯುವ ನೀರನ್ನು ತಡೆಯಲು ಬದುಗಳು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹನಿಯ ಪೆಟ್ಟನ್ನೇ ತಪ್ಪಿಸುವ, ನೆಲದ ಮೇಲೆ ಹರಡುವ ಹುಲ್ಲು-ಎಲೆಗಳ ಮುಚ್ಚಿಗೆಗೆ, ನೆಲ ಮುಚ್ಚಲೆಂದೇ ಬೆಳೆಸುವ ಹೊದಿಕೆ ಬೆಳೆಗೆ ನಾನು ಹೆಚ್ಚು ಅಂಕ ಕೊಡುತ್ತೇನೆ. ಕಾಡಿನಲ್ಲಿ ಆ ಕೆಲಸವನ್ನು ತರಗೆಲೆಯೇ ಮಾಡುತ್ತದೆ, ಯಾರೂ ಅದನ್ನು ಗುಡಿಸಿ ಒಯ್ಯದಿದ್ದರೆ.