ನಿಮ್ಮ ಮಹಾಭಾರತದಲ್ಲಿ ಬಾಗೋಂಗ್ ಇಲ್ವಾ?

ಕಳೆದ ಶನಿವಾರ ರಾತ್ರಿ ಪಕ್ಕದ ಮನೆಯ ಹುಡುಗಿ ಒಂದು ಮಾತು ಕೇಳಿದಳು. ಅವತ್ತಿಂದ ಅದು ತಲೆಯಲ್ಲೇ ಕೂತಿದೆ.

ನಾನಿರೋದು ಇಂಡೋನೇಷ್ಯಾದಲ್ಲಿ, ಜಾವಾದ ಯೋಗ್ಯಕರ್ತದಲ್ಲಿ. ಶನಿವಾರ ಬಂತೆಂದರೆ ಪಕ್ಕದ ಮನೆಯವರು ಟಿವಿಯನ್ನು ಜಗುಲಿಗೆ ತಂದಿಟ್ಟು, ಚಾಪೆ ಹಾಸಿ ಯೂಟ್ಯೂಬ್ ಹಾಕುತ್ತಾರೆ. ಸಿನಿಮಾ ಅಲ್ಲ, ವಯಾಂಗ್ ಕುಲಿತ್. ತೊಗಲು ಗೊಂಬೆಯಾಟ. ಆಡಿಸುವವರಿಗೆ ದಲಂಗ್ ಅಂತಾರೆ. ರಾತ್ರಿಯಿಡೀ ಅವರೊಬ್ಬರೇ ಎಲ್ಲ ಪಾತ್ರಗಳ ಮಾತಾಡುತ್ತಾ, ಎರಡೂ ಕೈಯಲ್ಲಿ ಗೊಂಬೆ ಆಡಿಸುತ್ತಾ, ಕಾಲಲ್ಲಿ ಲೋಹದ ತಟ್ಟೆಗಳನ್ನು ಒದ್ದು ಸದ್ದು ಮಾಡುತ್ತಾ ಕೂತಿರುತ್ತಾರೆ. ಕ್ಯಾಮೆರಾ ಇರೋದು ದಲಂಗ್ ಕೂತ ಕಡೆ. ಹಾಗಾಗಿ ನೆರಳಲ್ಲ, ಗೊಂಬೆಯ ಚಿನ್ನದ ಬಣ್ಣವೇ ಕಾಣುತ್ತೆ.

ಈ ಮನೆಯವರಿಗೆ ಕಿ ಸೆನೊ ನುಗ್ರೊಹೊ ಅಂದರೆ ಪ್ರಾಣ. ಇದೇ ಸೀಮೆಯ ದಲಂಗ್. ಕೋವಿಡ್ ಕಾಲದಲ್ಲಿ ಆಟಗಳೆಲ್ಲ ನಿಂತಾಗ ಮನೆಯಲ್ಲೇ ಸಣ್ಣ ತಂಡ ಕಟ್ಟಿಕೊಂಡು ಲೈವ್ ಮಾಡಿದರು. 2020ರ ನವೆಂಬರ್ 3ರಂದು ತೀರಿಕೊಂಡರು, ಬರೀ 48 ವರ್ಷ. ಇವತ್ತಿಗೂ ಅವರ ಹಳೇ ಆಟಗಳನ್ನು ಜನ ನಿನ್ನೆ ಆಡಿದ ಹಾಗೆ ನೋಡುತ್ತಾರೆ. ಕೆಳಗೆ ಕಾಮೆಂಟುಗಳನ್ನು ಓದಬೇಕು. ಹಾಂಗ್‌ಕಾಂಗ್‌ನಲ್ಲಿ ಮನೆಗೆಲಸಕ್ಕೆ ಹೋದವರು, ತೈವಾನ್ ಫ್ಯಾಕ್ಟರಿಯಲ್ಲಿರೋರು, ಎಲ್ಲ ಜಾವಾ ಭಾಷೆಯಲ್ಲೇ ಬರೆದಿರುತ್ತಾರೆ.

ನಡುರಾತ್ರಿ ಹತ್ತಿರ ಬಂದಾಗ ಗೊರೊ-ಗೊರೊ ಶುರುವಾಗುತ್ತೆ. ಆಗ ಮಲಗಿದ ಮಕ್ಕಳೂ ಎದ್ದು ಕೂರುತ್ತಾರೆ. ಸೆಮಾರ್ ಮತ್ತು ಅವನ ಮಕ್ಕಳು ಗಾರೆಂಗ್, ಪೆತ್ರುಕ್, ಬಾಗೋಂಗ್ ಬರುವ ಹೊತ್ತು. ಪಾಂಡವರ ಆಳುಗಳು ಇವರು. ಬಾಗೋಂಗ್ ದುಂಡು ಕಣ್ಣಿನ, ಅಗಲ ಬಾಯಿಯ, ಡೊಳ್ಳು ಹೊಟ್ಟೆಯ ಆಸಾಮಿ, ಸೆಮಾರ್‌ನ ನೆರಳಿಂದ ಹುಟ್ಟಿದವನು. ದೊಡ್ಡವರ ಜೊತೆ ಒಂದು ಮಾತು, ಸಮಾನರ ಜೊತೆ ಇನ್ನೊಂದು ಮಾತು ಅನ್ನೋ ಭಾಷೆ ಜಾವಾದ್ದು. ಬಾಗೋಂಗ್‌ಗೆ ಅದರ ಹಂಗಿಲ್ಲ. ರಾಜನಿಗೂ ಏಕವಚನ. ಊರ ರಸ್ತೆ, ಸಾಲ, ಹೊಸ ಫೋನು, ಎಲ್ಲದರ ಬಗ್ಗೆಯೂ ಅವನಿಗೆ ಮಾತಿದೆ.

ಅವನ ಮಾತಿಗೆ ಎಲ್ಲರೂ ಬಿದ್ದು ಬಿದ್ದು ನಗುವಾಗ ಆ ಹುಡುಗಿ ನನ್ನ ಕಡೆ ತಿರುಗಿದಳು. ಎಂಟು ವರ್ಷ ಇರಬಹುದು.

"ಓಂ, ನಿಮ್ಮ ಮಹಾಭಾರತದಲ್ಲಿ ಬಾಗೋಂಗ್ ಇಲ್ವಾ?"

ಓಂ ಅಂದರೆ ಇಲ್ಲಿ ಅಂಕಲ್. ಇಲ್ಲ ಪುಟ್ಟ ಅಂದೆ. ಸೆಮಾರ್? ಅವನೂ ಇಲ್ಲ. ಅವಳ ಮುಖ ಸಣ್ಣದಾಯಿತು. "ಕಸಿಹಾನ್" ಅಂದಳು. ಅಯ್ಯೋ ಪಾಪ ಅಂತ ಅರ್ಥ.

ಅವಳಮ್ಮ ನಕ್ಕು, 2014ರಲ್ಲಿ ಇಲ್ಲಿಯ ಎಎನ್‌ಟಿವಿ ಚಾನೆಲ್‌ನಲ್ಲಿ ನಮ್ಮ ಹಿಂದಿ ಮಹಾಭಾರತ ಡಬ್ ಆಗಿ ಬಂದಾಗಿನ ಕಥೆ ಹೇಳಿದರು. ಓಣಿಯ ಹೆಂಗಸರೆಲ್ಲ ಆ ಅರ್ಜುನನಿಗೆ ಮರುಳಾಗಿದ್ದರಂತೆ. ಆದರೆ ದ್ರೌಪದಿಗೆ ಐದು ಜನ ಗಂಡಂದಿರು ಅಂದಾಗ ಅತ್ತೆಯವರು ಟಿವಿ ಆರಿಸಿಯೇ ಬಿಟ್ಟರಂತೆ. ಇಲ್ಲಿಯ ದ್ರೌಪದಿ ಧರ್ಮರಾಯನಿಗೆ ಮಾತ್ರ ಹೆಂಡತಿ. ಶಿಖಂಡಿ ಇಲ್ಲಿ ಶ್ರೀಕಂಡಿ, ಬಿಲ್ಲು ಹಿಡಿದ ವೀರ ಹೆಣ್ಣು, ಅರ್ಜುನನ ಹೆಂಡತಿ. ಈ ಹುಡುಗಿ ಆಟ ಆಡುವಾಗ ಯಾವಾಗಲೂ ಶ್ರೀಕಂಡಿಯೇ. ಇಲ್ಲಿಯವರ ಪಾಲಿಗೆ ಪಾಂಡವರು ಜಾವಾದವರು.

ಮನೆಗೆ ಬಂದು ಮಲಗಿದೆ, ನಿದ್ದೆ ಬರಲಿಲ್ಲ. ಎರಡು ಗಂಟೆ ಹೊತ್ತಿಗೆ ಥಟ್ಟಂತ ನೆನಪಾಯಿತು. ಇದ್ದ! ನಮಗೂ ಒಬ್ಬ ಇದ್ದ. ಕಿಳ್ಳೇಕ್ಯಾತ!

ಮಳೆ ಕೈಕೊಟ್ಟ ವರ್ಷ ನಮ್ಮೂರಿಗೆ ಗೊಂಬೆಯವರು ಬರುತ್ತಿದ್ದರು. ದೇವಸ್ಥಾನದ ಮುಂದೆ ಬಿಳಿ ಪಂಚೆ ಬಿಗಿದು ಹಿಂದೆ ದೀಪ ಇಡೋರು. ನಾನು ಅಜ್ಜಿಯ ಕಂಬಳಿಯೊಳಗೆ. ಇಲ್ಲಿಯ ಹಾಗೆ ಕಪ್ಪು ನೆರಳಲ್ಲ ನಮ್ಮದು, ತೊಗಲಿನೊಳಗಿಂದ ಕೆಂಪು ಹಸಿರು ಬಣ್ಣ ತೂರಿ ಬರೋದು. ಕುರುಕ್ಷೇತ್ರದ ಮಧ್ಯೆ ಕಿಳ್ಳೇಕ್ಯಾತ ನುಗ್ಗಿ, ಹೆಂಡತಿ ಬಂಗಾರಕ್ಕನ ಜೊತೆ ಜಗಳ ತೆಗೆದು, ಊರ ಪಟೇಲರನ್ನೂ ಬಿಡದೆ ಆಡಿಕೊಳ್ಳೋನು. ಪಟೇಲರು ಮುಂದೆ ಕೂತು ನಗೋರು. ಅವನನ್ನು ಮರೆತು ಆ ಮಗುವಿಗೆ ಇಲ್ಲ ಅಂದುಬಿಟ್ಟೆನಲ್ಲ!

ಎದ್ದು ಯೂಟ್ಯೂಬ್‌ನಲ್ಲಿ ಹುಡುಕಿದೆ. ತುಣುಕುಗಳು ಸಿಕ್ಕವು. ನಮ್ಮೂರಿಗೆ ಬರುತ್ತಿದ್ದವರ ಒಂದೇ ಒಂದು ವಿಡಿಯೋ ಸಿಗಲಿಲ್ಲ. 2025ರಲ್ಲಿ ತೊಗಲು ಗೊಂಬೆ ಆಡಿಸುವ ಕೊಪ್ಪಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂದಾಗ ನಾವೆಲ್ಲ ಸ್ಟೇಟಸ್ ಹಾಕಿದ್ದೆವು, ನಾನೂ ಹಾಕಿದ್ದೆ. ಅವರ ಒಂದು ಆಟವನ್ನು ಪೂರ್ತಿ ಕೂತು ನೋಡಿದವರು ನಮ್ಮಲ್ಲಿ ಎಷ್ಟು ಜನ? ಯಕ್ಷಗಾನದವರು ಈ ವಿಷಯದಲ್ಲಿ ವಾಸಿ, ರಾತ್ರಿಯಿಡೀ ಲೈವ್ ಕೊಡ್ತಾರೆ, ಜನ ನೋಡ್ತಾರೆ. ಗೊಂಬೆಯವರಿಗೆ ಒಂದು ಒಳ್ಳೇ ಮೈಕು, ಒಂದು ಕ್ಯಾಮೆರಾ ಹಿಡಿಯೋರು ಸಿಕ್ಕಿದ್ದರೆ ಸಾಕಿತ್ತು ಅಲ್ವಾ?

ಬೆಳಗ್ಗೆ ಅಮ್ಮನಿಗೆ ಫೋನ್ ಮಾಡಿದೆ. ಕಿಳ್ಳೇಕ್ಯಾತ ಹೇಗೆ ಕೂಗ್ತಿದ್ದ ನೆನಪಿದೆಯಾ ಅಂದೆ. "ಎಂಥ ಕೇಳ್ತೀಯೋ ಬೆಳಗ್ಗೆ ಬೆಳಗ್ಗೆ" ಅಂದವಳು ಒಂದು ಗಳಿಗೆ ಸುಮ್ನಾದಳು. ಆಮೇಲೆ ಮೂಗಿನಲ್ಲಿ ದನಿ ತೆಗೆದು "ಏ ಬಂಗಾರೀ, ಎಲ್ಲಿ ಸತ್ತ್ಯೇ" ಅಂತ ಎಳೆದು ಕೂಗಿ ತಾನೇ ನಕ್ಕಳು. ಹಿಂದೆ ಕುಕ್ಕರ್ ಕೂಗಿತು. ಅದೇ ಧಾಟಿಯಲ್ಲಿ ಇನ್ನೊಂದು ಸಲ ಕೂಗು ಅಂತ ವಾಯ್ಸ್ ಮೆಸೇಜ್ ಹಾಕಿಸಿಕೊಂಡೆ.

ಸಂಜೆ ಹುಡುಗಿಗೆ ಕೇಳಿಸಿದೆ. ಅವಳು ಫೋನ್ ಕಿತ್ತುಕೊಂಡು ಒಳಗೆ ಅಜ್ಜನ ಹತ್ತಿರ ಓಡಿದಳು. ಅಜ್ಜ ಕಿವಿಗೆ ಹಿಡಿದು ಪೂರ್ತಿ ಕೇಳಿದರು. ಮುಗಿದ ಮೇಲೆ ನನ್ನ ಕಡೆ ಫೋನ್ ಚಾಚಿ "ಲಗಿ" ಅಂದರು. ಇನ್ನೊಮ್ಮೆ ಹಾಕು ಅಂತ.