ಕಲರಿಮೀಟರ್ ಕಂತು 4: ಏನೂ ಹಾಕದ ಕ್ಯೂವೆಟ್ ಗೆದ್ದಿತು

ಮೂರು ವಾರ ಹಿಗ್ಗಿದ್ದೆಲ್ಲ ನೀರುಪಾಲು. ಮೀಟರಿನ ತಪ್ಪೇನಿಲ್ಲ. ತಪ್ಪು ನನ್ನದು, ಸ್ವಲ್ಪ ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ಯದ್ದು.

ದ್ರಾವಣ ಎಷ್ಟು ಬೆಳಕು ಹೀರುತ್ತದೆಂದು ಅಳೆಯುವ ನನ್ನ ಕಲರಿಮೀಟರ್ ಹಿಂದಿನ ಕಂತುಗಳಿಂದ ನಿಮಗೆ ಗೊತ್ತೇ ಇದೆ: ಹಸಿರು ಎಲ್‌ಇಡಿ, ಸೆನ್ಸರ್, ಒಳಗೆ ಕಪ್ಪು ಬಳಿದ ಪಿವಿಸಿ ಪೈಪು, ನಡುವೆ ದ್ರಾವಣ ತುಂಬುವ ಪುಟ್ಟ ಪಾರದರ್ಶಕ ಪಾತ್ರೆ, ಅಂದರೆ ಕ್ಯೂವೆಟ್. ಡೊಂಬಿವಲಿಯ ನಮ್ಮ ಅಡುಗೆಮನೆ ಕಟ್ಟೆಗೆ ಇದು ಬಂದದ್ದು ಚಿಕ್ಕಮ್ಮನ ದೆಸೆಯಿಂದ. ಚಿಕ್ಕಪ್ಪ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಆರು ವರ್ಷ, ಓಡಾಟ ಗಾಲಿಕುರ್ಚಿಯಲ್ಲೇ. ವಾಟ್ಸಾಪಿನಲ್ಲಿ ದಿನಕ್ಕೊಂದು ಮದ್ದು: ಅರಿಶಿನ ಹಾಲು, ಒಂದೆಲಗದ ತಂಬುಳಿ, ನೆಲ್ಲಿಕಾಯಿ. "ಯಾವುದು ಜೋರು, ಅಳೆದು ಹೇಳು ಮಾರಾಯ" ಅಂದರು.

ಜೋರು ಅಂದರೆ ಆಂಟಿಆಕ್ಸಿಡೆಂಟ್ ಶಕ್ತಿ, ಅಂದರೆ ಕೋಶಗಳನ್ನು ಕೆಡಿಸುವ ಫ್ರೀ ರ್‍ಯಾಡಿಕಲ್ ಎಂಬ ಚುರುಕು ಕಣಗಳನ್ನು ತಣಿಸುವ ಗುಣ. ಅದು ಸಿಕ್ಕರೆ ನೇರಳೆ ಬಣ್ಣ ಕಳೆದುಕೊಳ್ಳುವ ಡಿಪಿಪಿಎಚ್ ಎಂಬ ರಾಸಾಯನಿಕ ಹುಡುಕಿಕೊಂಡು ಮುಂಬೈಯ ಪ್ರಿನ್ಸೆಸ್ ಸ್ಟ್ರೀಟಿಗೆ ಹೋದೆ. ಒಬ್ಬ ಲೆಟರ್‌ಹೆಡ್ ಕೇಳಿದ. ಇನ್ನೊಬ್ಬನ "ಎರಡು ವಾರ" ಒಂದೂವರೆ ತಿಂಗಳಾಯಿತು. ತಡೆಯಲಾರದೆ ಮೆಡಿಕಲ್ ಅಂಗಡಿಯ ಪೊಟ್ಯಾಶಿಯಂ ಪರ್ಮಾಂಗನೇಟ್ ತಂದೆ. ಅದೂ ನೇರಳೆ, ಅದೂ 525 ನ್ಯಾನೋಮೀಟರ್ ಹತ್ತಿರದ ಬೆಳಕನ್ನೇ ಹೀರುತ್ತದೆ, ಆಂಟಿಆಕ್ಸಿಡೆಂಟ್ ಸಿಕ್ಕರೆ ಬಣ್ಣ ಕಳೆದುಕೊಳ್ಳುತ್ತದೆ. ರೀಡಿಂಗ್ ಇಳಿದಷ್ಟೂ ಮದ್ದು ಜೋರು ಅಂತ ಲೆಕ್ಕ.

ಅರಿಶಿನದ ಕರ್ಕ್ಯುಮಿನ್ ನೀರಲ್ಲಿ ಕರಗದು, ಸುಮ್ನೆ ಮಬ್ಬಾಗುತ್ತದೆ. ಹಾಗಾಗಿ ಸರ್ಕ್ಯೂಟ್ ಬೋರ್ಡ್ ಒರೆಸುವ ಐಪಿಎಯಲ್ಲಿ ನೆನೆಸಿದೆ. ರೀಡಿಂಗ್ 0.82ರಿಂದ 0.30ಕ್ಕೆ! ಒಂದೆಲಗವೂ ಹಾಗೇ, ನೆಲ್ಲಿಕಾಯಿಯೂ ಹಾಗೇ. ಚಿಕ್ಕಮ್ಮ ಫೋಟೊ ತೆಗೆದು ಊರಿಗೆಲ್ಲ ಕಳಿಸಿದರು.

ಎಲ್ಲವೂ ಒಂದೇ ಥರ ಗೆದ್ದಾಗಲೇ ಅನುಮಾನ ಬರಬೇಕಿತ್ತು, ಅಲ್ವಾ? ಶನಿವಾರ ರಾತ್ರಿ ಬರೀ ಐಪಿಎ ಮತ್ತು ಪರ್ಮಾಂಗನೇಟ್ ಇದ್ದ ಕ್ಯೂವೆಟ್ಟನ್ನು ತೊಳೆಯದೆ ಮಲಗಿದ್ದೆ. ಬೆಳಿಗ್ಗೆ ನೇರಳೆ ಇಲ್ಲ, ತಳದಲ್ಲಿ ಕಾಫಿ ಗಸಿಯಂಥ ಕಂದು. ಪರ್ಮಾಂಗನೇಟ್ ಐಪಿಎಯನ್ನೇ ಅಸಿಟೋನ್ ಮಾಡಿ, ತಾನು ಮ್ಯಾಂಗನೀಸ್ ಡೈಆಕ್ಸೈಡ್ ಆಗಿ ತಳ ಹಿಡಿದಿತ್ತು. ನಾನೋ, ಹೋಲಿಕೆಗೆ ಮದ್ದಿಲ್ಲದೆ ಇಡುವ ಬ್ಲ್ಯಾಂಕನ್ನು ಐಪಿಎ ಬದಲು ನೀರಲ್ಲಿ ಮಾಡಿಟ್ಟಿದ್ದೆ. ಹೈಸ್ಕೂಲ್ ಹುಡುಗನೂ ಮಾಡದ ತಪ್ಪು.

"ಹಾಗಾದ್ರೆ ನಿನ್ನ ಐಪಿಎಯನ್ನೇ ಕಾಲಿಗೆ ತಿಕ್ಕು, ಎದ್ದು ಓಡ್ತೇನೆ" ಅಂದರು ಚಿಕ್ಕಪ್ಪ.

ಮೊನ್ನೆ ಡಿಪಿಪಿಎಚ್ ಅಂತೂ ಬಂತು. ಐಪಿಎ ಬ್ಲ್ಯಾಂಕ್ ಕತ್ತಲಲ್ಲಿ ಅರ್ಧ ಗಂಟೆ ಕೂತರೂ 0.79ರಿಂದ 0.78 ಅಷ್ಟೇ. ಕುಣಿದಾಡಿಬಿಟ್ಟೆ. ನೆಲ್ಲಿಕಾಯಿ ಮೊದಲು, ಅರಿಶಿನ ಎರಡನೆಯದು, ಒಂದೆಲಗ ಬಹಳ ಹಿಂದೆ.

"ಅಂದ್ರೆ ನೆಲ್ಲಿಕಾಯಿ ಕೊಟ್ರೆ ನಡೀತಾರಾ?"

ಇಲ್ಲ ಚಿಕ್ಕಮ್ಮ. ಪೆಟ್ಟು ಬಿದ್ದ ಮೊದಲ ಗಂಟೆಗಳು, ದಿನಗಳಲ್ಲಿ ಫ್ರೀ ರ್‍ಯಾಡಿಕಲ್‌ಗಳು ನರಕೋಶದ ಪೊರೆಯ ಕೊಬ್ಬನ್ನು ಕೆಡಿಸುತ್ತವೆ. ಇಲಿಗಳ ಪ್ರಯೋಗಗಳು ಹೆಚ್ಚಾಗಿ ಹಿಡಿದದ್ದು ಆ ಹೊತ್ತನ್ನೇ. ಕರ್ಕ್ಯುಮಿನ್ ಕೊಟ್ಟ ಇಲಿಗಳ ನಡಿಗೆ ಸುಧಾರಿಸಿದ್ದಿದೆ. ಅದನ್ನು ಅಳೆಯುವ ಬಿಬಿಬಿ ಸ್ಕೇಲ್ 0ಯಿಂದ 21ರವರೆಗೆ, 1995ರದ್ದು. ಮನುಷ್ಯರಲ್ಲಿ ಯಾವ ಮೂಲಿಕೆಯೂ ನಡಿಗೆ ಮರಳಿಸಿದ್ದು ಸಾಬೀತಾಗಿಲ್ಲ. ತಿಂದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಅತ್ಯಲ್ಪ. ಇದು ಆರು ವರ್ಷದ ಹಳೆಯ ಪೆಟ್ಟು ಬೇರೆ. ನನ್ನ ಮೀಟರ್ ಅಳೆಯುವುದು ಬಾಟಲಿಯ ಬಣ್ಣವನ್ನು.

ಚಿಕ್ಕಮ್ಮ ಮಾತಾಡಲಿಲ್ಲ. ಚಿಕ್ಕಪ್ಪ ಮಾತ್ರ, "ತಂಬುಳಿ ನಿಲ್ಲಿಸಬೇಡ, ಅನ್ನಕ್ಕೆ ಬೇಕು" ಅಂದರು.

ಅವರಿಗೆ ನಿಜವಾದ ಕಾಟ ಒಂದೇ ಕಡೆ ಕೂತು ಆಗುವ ಹುಣ್ಣು. ಮುಂದಿನ ಪ್ರಾಜೆಕ್ಟ್ ಅದೇ: ಗಾಲಿಕುರ್ಚಿ ಮೆತ್ತೆಯಡಿ ಒತ್ತಡದ ಸೆನ್ಸರ್, ಹೊತ್ತು ಮೀರಿದರೆ ಬಝರ್. ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲಿ ಎಫ್‌ಎಸ್‌ಆರ್ ಎಂಬ ಒತ್ತಡ ಸೆನ್ಸರಿನ ಬೆಲೆ ಕೇಳಿ ಬರಿಗೈಲಿ ವಾಪಸ್ ಬಂದೆ. ಯಾರ ಹತ್ತಿರವಾದರೂ ವೆಲೊಸ್ಟ್ಯಾಟ್ (ಒತ್ತಿದರೆ ವಿದ್ಯುತ್ ರೋಧ ಬದಲಾಗುವ ಪ್ಲಾಸ್ಟಿಕ್) ಹಾಳೆ ಮಿಕ್ಕಿದ್ದರೆ ಹೇಳಿ, ಬದಲಿಗೆ ಪರ್ಮಾಂಗನೇಟ್ ಬೇಕಾದಷ್ಟಿದೆ.