ಗಣಿ ಮುಚ್ಚಿದ ಗುಡ್ಡಗಳಲ್ಲಿ ಜಿಂಕೆ ಬೇಟೆ

ಅಮೆರಿಕದ ಓಹಾಯೋ ರಾಜ್ಯದ ಆಗ್ನೇಯ ಭಾಗದ ಮಾರ್ಗನ್ ಕೌಂಟಿಯಲ್ಲಿ 78ನೇ ನಂಬರ್ ರಸ್ತೆ ಹಿಡಿದು ಹೊರಟರೆ ಎರಡೂ ಕಡೆ ಮೊಣಕಾಲುದ್ದ ಹುಲ್ಲಿನ ಗುಡ್ಡಗಳು, ತಗ್ಗಿಗೊಂದು ಕೊಳ. ಬಾಬಾಬುಡನ್‌ಗಿರಿಯ ಹುಲ್ಲುಗಾವಲು ನೋಡಿದವರು ಕಾರು ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಇಲ್ಲಿನ ಬಹುಪಾಲು ಗುಡ್ಡಗಳು ಮನುಷ್ಯರು ಕಟ್ಟಿದವು ಎಂದರೆ ಮೊದಲಿಗೆ ನಂಬಿಕೆ ಬರುವುದಿಲ್ಲ. ಅಡಿಯಲ್ಲಿದ್ದ ಮೇಗ್ಸ್ ಕ್ರೀಕ್ 9ನೇ ನಂಬರ್ ಕಲ್ಲಿದ್ದಲ ಪದರಕ್ಕಾಗಿ ಮೇಲಿನ ಕಾಡು, ಮಣ್ಣು, ಬಂಡೆಯನ್ನೆಲ್ಲ ಎತ್ತಿ ಪಕ್ಕಕ್ಕೆ ಸುರಿದು, ಕಲ್ಲಿದ್ದಲು ತೆಗೆದು, ಮತ್ತೆ ಮುಚ್ಚಿ ಹುಲ್ಲು ಬಿತ್ತಿದ ನೆಲ ಇದು. ಈಗ ಅಪಲಾಚಿಯನ್ ಹಿಲ್ಸ್ ವನ್ಯಜೀವಿ ಪ್ರದೇಶ, ಪಕ್ಕದಲ್ಲೇ 2018ರಲ್ಲಿ ಶುರುವಾದ ಜೆಸ್ಸಿ ಓವೆನ್ಸ್ ಸ್ಟೇಟ್ ಪಾರ್ಕ್. ಎಲ್ಲ ಸೇರಿ 50,000 ಎಕರೆಗೂ ಮಿಕ್ಕಿದ ಸರ್ಕಾರಿ ಜಾಗ. ಬಿಳಿಬಾಲದ ಜಿಂಕೆಯ ಬೇಟೆಗೆ ಯಾರ ಜಮೀನಿನ ಬಾಗಿಲೂ ತಟ್ಟಬೇಕಾಗಿಲ್ಲ.

ಕೊಲಂಬಸ್‌ನಿಂದ ಝೇನ್ಸ್‌ವಿಲ್ ಮಾರ್ಗವಾಗಿ ಮೆಕಾನಲ್ಸ್‌ವಿಲ್‌ಗೆ ಎರಡು ಗಂಟೆಯೊಳಗಿನ ದಾರಿ. ಅಲ್ಲಿಂದ ಪೂರ್ವಕ್ಕೆ ಹೋದರೆ ರಸ್ತೆ ಬದಿಯ ಗಣಿ ಕಾರ್ಮಿಕರ ಸ್ಮಾರಕದಲ್ಲಿ 'ಬಿಗ್ ಮಸ್ಕಿ' ಎಂಬ ಡ್ರ್ಯಾಗ್‌ಲೈನ್, ಅಂದರೆ ಹಗ್ಗದಿಂದ ಬಕೆಟ್ ಎಳೆದು ನೆಲ ಅಗೆಯುವ ಯಂತ್ರದ ಬಕೆಟ್ ಇಟ್ಟಿದ್ದಾರೆ. 220 ಘನ ಗಜ ಹಿಡಿಯುವ ಆ ಬಕೆಟ್‌ನಲ್ಲಿ ಎರಡು ಬಸ್ಸು ಅಕ್ಕಪಕ್ಕ ನಿಲ್ಲುತ್ತವೆ. 1969ರಿಂದ 1991ರವರೆಗೆ ದುಡಿದ ಯಂತ್ರವನ್ನು 1999ರಲ್ಲಿ ಗುಜರಿಗೆ ಹಾಕಿದರು, ಉಳಿದದ್ದು ಬಕೆಟ್ ಒಂದೇ. ಬೇಟೆಗೆ ಬಂದವರು ಇದನ್ನೇನು ನೋಡುವುದು ಎಂದು ಮುಂದೆ ಹೋಗಬಾರದು. ಮುಂದೆ ಸಿಗುವ ನೆಲದ ಏಣು, ಗುಂಡಿ, ಗೋಡೆಗಳೆಲ್ಲ ಇಂಥ ಬಕೆಟ್‌ಗಳು ಬಿಟ್ಟುಹೋದ ಗುರುತುಗಳು.

ಬಂದೂಕಿನ ಋತು ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಮೇಲಿನ ಸೋಮವಾರದಿಂದ ಏಳು ದಿನ. ವೀಸಾ ಮೇಲಿರುವ ನಮ್ಮವರು ಒಂದು ವಿಷಯ ಗಮನಿಸಬೇಕು. ಎಚ್-1ಬಿಯಂಥ ವೀಸಾದವರು ಬಂದೂಕು ಇಟ್ಟುಕೊಳ್ಳುವಂತಿಲ್ಲ ಎನ್ನುತ್ತದೆ ಕೇಂದ್ರದ ಕಾನೂನು, ಆದರೆ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ಅದೇ ಕಾನೂನಿನಲ್ಲಿ ವಿನಾಯಿತಿ ಇದೆ. ಆದ್ದರಿಂದ ಮೊದಲು ಬೇಟೆ ತರಬೇತಿ ಕೋರ್ಸು, ಆಮೇಲೆ ಲೈಸೆನ್ಸ್, ಜೊತೆಗೆ ಪ್ರತ್ಯೇಕ ಜಿಂಕೆ ಪರ್ಮಿಟ್, ಕೊನೆಗೆ ಬಂದೂಕಿನ ಮಾತು. ಬಿಲ್ಲು ಬಾಣಕ್ಕೆ ಈ ತಕರಾರಿಲ್ಲ. ರೈಫಲ್ ಆದರೆ ನೇರ ಗೋಡೆಯ, ಅಂದರೆ ಕತ್ತು ಕಿರಿದಾಗದ ಕಾರ್ಟ್ರಿಜ್ (ತೋಟಾ) ಮಾತ್ರ, ಅದೂ .357ರಿಂದ .50 ಕ್ಯಾಲಿಬರ್‌ವರೆಗೆ. .350 ಲೆಜೆಂಡ್ (ಹೆಸರಿಗೆ .350, ಗುಂಡು .357), .450 ಬುಶ್‌ಮಾಸ್ಟರ್, .45-70 ನಡೆಯುತ್ತವೆ. ಕತ್ತು ಕಿರಿದಾದ .30-06, .308 ಇಲ್ಲಿ ಜಿಂಕೆಗೆ ಅಪರಾಧ. ಮ್ಯಾಗಜೀನ್, ಚೇಂಬರ್ ಸೇರಿ ಮೂರೇ ಗುಂಡು. ಮೈಮೇಲೆ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಜಾಕೆಟ್ ಕಡ್ಡಾಯ.

ಜೊತೆಗಿದ್ದ ಸ್ನೇಹಿತರು ಪೊನ್ನಂಪೇಟೆ ಕಡೆಯವರು. ಊರಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ಪೂಜೆ ಮಾಡಿ, ಬೇಟೆ ನಿಂತುಹೋಗಿರುವುದರಿಂದ ತೆಂಗಿನಕಾಯಿಗೆ ಗುಂಡು ಹೊಡೆದು ಸಮಾಧಾನಪಟ್ಟವರು. ಮೊದಲ ಓಡಾಟ ಬರೀ ನೆಲ ನೋಡುವುದರಲ್ಲೇ ಮುಗಿಯಿತು, ಅದರ ಬಗ್ಗೆ ಬರೆಯುವಂಥದ್ದು ಏನಿಲ್ಲ. ಉತ್ತರಕ್ಕೆ ಹತ್ತಿರದಲ್ಲೇ ಇರುವ 'ದ ವೈಲ್ಡ್ಸ್' ಎಂಬ ಸಫಾರಿ ಪಾರ್ಕ್ ಕೂಡ ಮುಚ್ಚಿದ ಗಣಿಯೇ. ಅಸ್ಸಾಮಿನ ಒಂಟಿಕೊಂಬಿನ ಘೇಂಡಾಮೃಗದ ಜಾತಿಯವು ಅಲ್ಲಿ ಓಹಾಯೋದ ಹುಲ್ಲು ಮೇಯುತ್ತವೆ.

ನೆಲ ನೋಡುವುದು ಎಂದರೆ ಇಲ್ಲಿ ಗಣಿಯ ವಯಸ್ಸು ಕಂಡುಹಿಡಿಯುವುದು. ಓಹಾಯೋ 1972ರಲ್ಲಿ, ದೇಶ 1977ರಲ್ಲಿ ಬಿಗಿ ಕಾನೂನು ತಂದವು. ಅದಕ್ಕೂ ಹಳೆಯ ಗಣಿಯಲ್ಲಿ ಅಗೆದ ಮಣ್ಣು ಸುರಿದಲ್ಲೇ ಬಿದ್ದಿದೆ, ಸಾಲು ಸಾಲು ಕಡಿದಾದ ದಿಬ್ಬಗಳಾಗಿ. ಸಾಲುಗಳ ನಡುವೆ ನೀರು ನಿಂತಿದೆ. ಕೊನೆಯ ಸಾಲಿನ ಆಚೆಗೆ ಹೈವಾಲ್, ಅಂದರೆ ಅಗೆತ ನಿಂತ ಜಾಗದಲ್ಲಿ ನೆಟ್ಟಗೆ ಉಳಿದ ಕಲ್ಲಿನ ಗೋಡೆ. ಹೊಸ ಕಾನೂನಿನ ಗಣಿಯಲ್ಲಿ ಗೋಡೆ ಉಳಿಸುವಂತಿಲ್ಲ, ಗುಡ್ಡವನ್ನು ಮೊದಲಿನ ಆಕಾರಕ್ಕೆ ಹತ್ತಿರ ತರಬೇಕು. ಅದಕ್ಕೇ ಬುಲ್ಡೋಜರ್ ಹಿಂದೆ ಮುಂದೆ ಓಡಿ ಮಣ್ಣನ್ನು ಗಟ್ಟಿ ಮಾಡಿ, ಮೇಲೆ ಫೆಸ್ಕ್ಯೂ ಹುಲ್ಲು ಬಿತ್ತಿ ಹೋಗಿದೆ. ಕಣ್ಣಿಗೆ ಅಂದ ಹೌದು. ಆದರೆ ಆ ಬಿಗಿ ಮಣ್ಣಿನಲ್ಲಿ ಮರದ ಬೇರು ಇಳಿಯುವುದಿಲ್ಲ, ದಶಕಗಳಾದರೂ ಹುಲ್ಲೇ ಉಳಿದಿದೆ. ಯಾರೂ ಮುಟ್ಟದೆ ಸಡಿಲವಾಗಿ ಬಿಟ್ಟ ಹಳೆಯ ಕುರೂಪಿ ದಿಬ್ಬಗಳಲ್ಲಿ ಮರಗಳು ಎದ್ದು ನಿಂತಿವೆ. ನೆಲವನ್ನು ಚೆಂದ ಮಾಡಿದ ಕಾನೂನೇ ಮರವನ್ನು ತಡೆಯಿತು. ಇದನ್ನು ಅರಿತ ಅರಣ್ಯ ತಜ್ಞರು 2004ರಿಂದೀಚೆಗೆ ಮೇಲಿನ ನಾಲ್ಕಡಿ ಮಣ್ಣು ಸಡಿಲವಾಗಿಯೇ ಇರಲಿ ಎನ್ನುತ್ತಿದ್ದಾರೆ.

ಬೇಟೆಗಾರನಿಗೆ ಬೇಕಾದ್ದೆಲ್ಲ ಈ ವ್ಯತ್ಯಾಸದಲ್ಲೇ ಇದೆ. ಜಿಂಕೆ ಹಗಲು ಮಲಗುವುದು ಹಳೆಯ ದಿಬ್ಬಗಳ ಪೊದೆಯಲ್ಲಿ, ಸಂಜೆ ಮೇಯಲು ಬರುವುದು ಹೊಸ ಹುಲ್ಲಿನ ಅಂಚಿನ ಕ್ಲೋವರ್, ಟ್ರೆಫಾಯಿಲ್ ಸೊಪ್ಪಿಗೆ. ಫೆಸ್ಕ್ಯೂ ಅದಕ್ಕೆ ಅಷ್ಟು ಇಷ್ಟವಿಲ್ಲ. ಹಾಗಾಗಿ ಹಳೆಯದು ಹೊಸದಕ್ಕೆ ತಾಗುವ ಗೆರೆಯನ್ನು ಹುಡುಕಬೇಕು. ಹಳೆಯ ಕಾಂಟೂರ್ ನಕ್ಷೆ ಇದಕ್ಕೆ ಕೆಲಸಕ್ಕೆ ಬರುವುದಿಲ್ಲ, ಎಷ್ಟೋ ಹಾಳೆಗಳಲ್ಲಿ ಇರುವುದು ಅಗೆಯುವ ಮೊದಲಿನ ಗುಡ್ಡ. ಲೈಡಾರ್‌ನಿಂದ, ಅಂದರೆ ಮೇಲಿಂದ ಲೇಸರ್ ಕಿರಣ ಬಿಟ್ಟು ನೆಲದ ಏರಿಳಿತ ಅಳೆದು ಮಾಡಿದ ನೆರಳು ನಕ್ಷೆ ನೋಡಬೇಕು. ಓಹಾಯೋ ಇಡೀ ರಾಜ್ಯದ ಲೈಡಾರ್ ಅಳತೆಯನ್ನು ಉಚಿತವಾಗಿ ಕೊಡುತ್ತದೆ. ಅದರಲ್ಲಿ ಹಳೆಯ ಸಾಲುಗಳು ಬಾಚಣಿಗೆ ಎಳೆದಂತೆ ಕಾಣುತ್ತವೆ, ಹೊಸ ನೆಲ ನಯವಾಗಿರುತ್ತದೆ.

ದಿಬ್ಬದ ಸಾಲುಗಳನ್ನು ಜಿಂಕೆ ಅಡ್ಡ ಹತ್ತುವುದು ಕಡಿಮೆ. ಸಾಲು ಮುಗಿಯುವ ತುದಿಯನ್ನು ಬಳಸಿಕೊಂಡೋ, ನಡುವೆ ಸ್ವಲ್ಪ ತಗ್ಗಾದ ಕಡೆ ದಾಟಿಯೋ ಹೋಗುತ್ತದೆ. ಹೈವಾಲ್ ಬುಡದಲ್ಲಿ ನೀರಿಗೂ ಗೋಡೆಗೂ ನಡುವೆ ಹತ್ತಿಪ್ಪತ್ತು ಅಡಿ ಅಗಲದ ಪಟ್ಟಿ ಉಳಿದಿದ್ದರೆ ಅದು ಸಿದ್ಧ ಕಾಲುದಾರಿ, ಬೇರೆ ದಾರಿಯೇ ಇಲ್ಲ. ಆದರೆ ಆ ಪಟ್ಟಿಯಲ್ಲೇ ಕೂರಬಾರದು. ಗೋಡೆಯ ಮೇಲಿಂದ ಬೀಸಿದ ಗಾಳಿ ಅಂಚು ದಾಟಿದ ಕೂಡಲೇ ಸುರುಳಿ ಸುತ್ತಿ ಹಿಂದಕ್ಕೆ ಬರುತ್ತದೆ, ಬೇಟೆಗಾರನ ವಾಸನೆ ನಾಲ್ಕೂ ದಿಕ್ಕಿಗೆ ಹರಡುತ್ತದೆ. ಬಿಸಿಲಿಳಿದ ಮೇಲೆ ತಣ್ಣನೆ ಗಾಳಿ ಗುಂಡಿಗೆ ಇಳಿದು ನಿಲ್ಲುತ್ತದೆ. ಪಟ್ಟಿ ಮುಗಿದು ಬಯಲು ಸೇರುವ ಕಡೆ, ಅಲ್ಲಿಂದ 60–80 ಗಜ ದೂರದಲ್ಲಿ, ಗಾಳಿ ಮುಖಕ್ಕೆ ಬರುವಂತೆ ಕೂರುವುದು ಲೇಸು.

ಮರದ ಮೇಲೆ ಕಟ್ಟುವ ಅಟ್ಟಣೆ ಇಲ್ಲಿ ಬಹುತೇಕ ವ್ಯರ್ಥ ಹೊರೆ. ಇರುವ ಮರಗಳೆಂದರೆ ಗಣಿಯವರು ನೆಟ್ಟ ಬಿಳಿ ಪೈನ್, ತಾನಾಗಿ ಬಂದ ಬ್ಲ್ಯಾಕ್ ಲೋಕಸ್ಟ್. ಪೈನ್‌ಗೆ ಬುಡದಿಂದಲೇ ಕೊಂಬೆ, ಲೋಕಸ್ಟ್ ಕಾಂಡವನ್ನು ಕೊರೆಹುಳು ಒಳಗೆ ತಿಂದಿರುತ್ತದೆ. ಮಡಚುವ ಸ್ಟೂಲು ತಂದು ಆಟಮ್ ಆಲಿವ್ ಪೊದೆಗೆ ಬೆನ್ನು ಕೊಟ್ಟು ಕೂರಬೇಕು. ನೆಲದ ಸತ್ವ ಹೆಚ್ಚಿಸಲೆಂದು ಪೂರ್ವ ಏಷ್ಯಾದಿಂದ ತಂದು ನೆಟ್ಟ ಈ ಪೊದೆ ಈಗ ಇಡೀ ಪ್ರದೇಶವನ್ನು ನುಂಗಿದೆ. ನಮ್ಮ ಪಶ್ಚಿಮ ಘಟ್ಟದಲ್ಲೂ ಇದೇ ಕುಲದ, ಹುಳಿ ಹಣ್ಣು ಬಿಡುವ ಒಂದು ಪೊದೆಬಳ್ಳಿ ಇದೆ.

ನಕ್ಷೆಯಲ್ಲಿ ನಯವಾದ ಹೊಸ ನೆಲದ ನಡುವೆ ಒಂದು ಚೂರು ಜಾಗ ಮಾತ್ರ ಬೇರೆ ಥರ ಕಾಣುತ್ತಿತ್ತು. ಹೋಗಿ ನೋಡಿದರೆ ದೊಡ್ಡ ಓಕ್ ಮರಗಳು, ಕೆಳಗೆ ತಂತಿ ಬೇಲಿ, ಒಳಗೆ ಹಳೆಯ ಗೋರಿ ಕಲ್ಲುಗಳು. ಒಂದು ಕುಟುಂಬದ ಸ್ಮಶಾನ. ಸುತ್ತ ಕಣ್ಣು ಹಾಯುವವರೆಗೂ ಹುಲ್ಲು. ಕಿತ್ತಳೆ ಟೋಪಿ ಹಾಕಿಕೊಂಡ ಹಿರಿಯರೊಬ್ಬರು ಬಿದ್ದ ಕೊಂಬೆಗಳನ್ನು ಆರಿಸಿ ಬೇಲಿಯಾಚೆ ಒಟ್ಟುತ್ತಿದ್ದರು. ಡ್ರ್ಯಾಗ್‌ಲೈನ್‌ಗೆ ಎಣ್ಣೆ ಹಾಕುವ ಕೆಲಸದಲ್ಲಿದ್ದು ನಿವೃತ್ತರಾದವರಂತೆ.

"ಇದೊಂದನ್ನು ಯಾಕೆ ಅಗೆಯಲಿಲ್ಲ?" ಎಂದು ಕೇಳಿದೆವು.

"ಕಾನೂನು. ಸ್ಮಶಾನದಿಂದ ನೂರಡಿ ಬಿಡಬೇಕು, ಜನ ಇರುವ ಮನೆಯಿಂದ ಮುನ್ನೂರು. ಮನೆಯವರು ಒಪ್ಪಿ ಸಹಿ ಹಾಕಿದರೆ ಮುನ್ನೂರು ಬಿಡಬೇಕಾಗಿಲ್ಲ. ನಮ್ಮ ಮನೆ ಅಗೋ ಅಲ್ಲಿತ್ತು," ಎಂದು ಹುಲ್ಲಿನ ಕಡೆ ಕೈ ತೋರಿಸಿದರು. "ಅಪ್ಪ ಸಹಿ ಹಾಕಿದರು. ಇಲ್ಲಿ ಮಲಗಿದವರ ಹತ್ತಿರ ಸಹಿ ಕೇಳೋಕೆ ಆಗಲಿಲ್ಲ."

"ಆ ಬಿಗ್ ಮಸ್ಕಿ ಮೇಲೆ ನೀವೇ ಇದ್ದಿರಾ?"

"ಅದಕ್ಕಿಂತ ಚಿಕ್ಕದರ ಮೇಲೆ. ಸಂಬಳ ಚೆನ್ನಾಗಿತ್ತು."

ಸ್ನೇಹಿತರು ತಮ್ಮೂರಿನ ದೇವರಕಾಡಿನ ವಿಷಯ ಹೇಳಿದರು, ಅಲ್ಲಿ ಕೊಡಲಿಯೂ ಇಲ್ಲ ಬೇಟೆಯೂ ಇಲ್ಲ ಎಂದು. ಹಿರಿಯರು ಗಮನವಿಟ್ಟು ಕೇಳಿದರು. "ಇಲ್ಲಿ ಹಾಗಂತ ಯಾರೂ ಹೇಳಲ್ಲ. ಆದರೆ ಗೋರಿ ಕಲ್ಲಿಗೆ ಒರಗಿ ಕೂತವರನ್ನು ನಾನು ಎಬ್ಬಿಸಿ ಕಳಿಸಿದ್ದೇನೆ. ನಿಮಗೆ ಜಿಂಕೆ ಬೇಕಾದರೆ ಮರದ ಕೆಳಗೆ ಬರಬೇಡಿ, ಆ ಹಾಲ್ ರೋಡ್ ಮೇಲೆ ಕೂತುಕೊಳ್ಳಿ."

ಹಾಲ್ ರೋಡ್ ಎಂದರೆ ಕಲ್ಲಿದ್ದಲ ಲಾರಿಗಳು ಓಡಾಡಿದ ಹಳೆಯ ರಸ್ತೆ. ಅಗಲ, ಏರು ಕಡಿಮೆ, ಈಗ ಹುಲ್ಲು ಮುಚ್ಚಿದೆ. ಅವರ ಲೆಕ್ಕ ಸರಳ. ಅಗೆದ ನೆಲದಲ್ಲಿ ಓಕ್ ಇಲ್ಲ, ಓಕ್ ಕಾಯಿ ಬೀಳುವುದು ಅಗೆಯದೆ ಬಿಟ್ಟ ಇಂಥ ದ್ವೀಪಗಳಲ್ಲಿ ಮಾತ್ರ. ಬಿಳಿ ಓಕ್‌ನ ಕಾಯಿ ಸಿಹಿ, ಅಕ್ಟೋಬರ್ ಮುಗಿಯುವಷ್ಟರಲ್ಲಿ ಖಾಲಿ. ಕೆಂಪು ಓಕ್‌ನದು ಒಗರು, ಅದಕ್ಕೇ ಬಂದೂಕಿನ ವಾರದವರೆಗೂ ನೆಲದಲ್ಲಿ ಉಳಿದಿರುತ್ತದೆ. "ಎಲೆ ನೋಡಿ. ತುದಿ ಚೂಪಾಗಿದ್ದರೆ ಕೆಂಪು, ದುಂಡಗಿದ್ದರೆ ಬಿಳಿ. ಕೆಂಪು ಇಲ್ಲದ ಸ್ಮಶಾನದ ಹತ್ತಿರ ಡಿಸೆಂಬರ್‌ನಲ್ಲಿ ಕೂತು ಏನು ಮಾಡ್ತೀರಿ?" ಹೊರಟಾಗ ಇನ್ನೊಂದು ಮಾತು ಸೇರಿಸಿದರು. ಗೋಡೆಯ ಮೇಲಿಂದ ಕೆಳಗಿನ ಜಿಂಕೆಗೆ ಯಾವತ್ತೂ ಹೊಡೆಯಬೇಡಿ. ಹೊಡೆಯುವುದು ಸುಲಭ, ಬಿದ್ದದ್ದು ನೀರಿನಲ್ಲಿ, ಮೇಲೆ ತರುವವರು ಯಾರು?

ಹಾಲ್ ರೋಡ್ ಲೆಕ್ಕ ಸರಿಯಾಗಿತ್ತು. ಸಂಜೆ ನಾಲ್ಕೂವರೆಗೆ, ಸೂರ್ಯ ಮುಳುಗಲು ಅರ್ಧ ಗಂಟೆ ಇರುವಾಗ, ದಿಬ್ಬದ ಸಾಲಿನ ತುದಿಯಿಂದ ಒಂದು ಹೆಣ್ಣು ಜಿಂಕೆ ಹೊರಬಂದು ಓಕ್‌ಗಳ ಕಡೆ ನಡೆಯಿತು. ಬರಿಗಣ್ಣಿಗೆ 80 ಗಜ ಅನ್ನಿಸಿದ್ದು ದೂರ ಅಳೆಯುವ ರೇಂಜ್‌ಫೈಂಡರ್‌ನಲ್ಲಿ 130. ಮರವಿಲ್ಲದ ಬಯಲಿನಲ್ಲಿ ದೂರ ಯಾವಾಗಲೂ ಕಡಿಮೆ ಕಾಣುತ್ತದೆ, ಈ ಕಾರ್ಟ್ರಿಜ್‌ಗಳೋ ಬೇಗ ಇಳಿಯುವಂಥವು. ನೂರು ಗಜಕ್ಕೆ ಸರಿಹೊಂದಿಸಿದ .350 ಲೆಜೆಂಡ್ ಇನ್ನೂರು ಗಜದಲ್ಲಿ ಸುಮಾರು 8–10 ಅಂಗುಲ ಕೆಳಗೆ ಬಡಿಯುತ್ತದೆ. ಸ್ನೇಹಿತರು ಮುಂಗಾಲಿನ ಹಿಂದೆ, ಎದೆಯ ಕೆಳಗಿನ ಮೂರನೇ ಒಂದು ಭಾಗಕ್ಕೆ ಹೊಡೆದರು. ಜಿಂಕೆ ಪೊದೆಗೆ ನುಗ್ಗಿತು. ಅರ್ಧ ಗಂಟೆ ಕಾದು ಹುಡುಕಲು ಇಳಿದೆವು. ಒತ್ತಾದ ಫೆಸ್ಕ್ಯೂ ಹುಲ್ಲಿನಲ್ಲಿ ರಕ್ತದ ಹನಿ ನೆಲಕ್ಕೆ ಬೀಳದೆ ಕಡ್ಡಿಗಳ ಪಕ್ಕಕ್ಕೆ ಅಂಟಿರುತ್ತದೆ. ಬಗ್ಗಿ ಅಡ್ಡಲಾಗಿ ಟಾರ್ಚ್ ಬಿಟ್ಟರೆ ಮಾತ್ರ ಕಾಣುವುದು. ಅರವತ್ತು ಹೆಜ್ಜೆಯಲ್ಲಿ ಸಿಕ್ಕಿತು.

ಸಿಕ್ಕ ಜಾಗದಲ್ಲೇ ಟ್ಯಾಗ್ ಬರೆಯಬೇಕು: ಹೆಸರು, ದಿನಾಂಕ, ಸಮಯ, ಕೌಂಟಿ. ಮರುದಿನ ಮಧ್ಯಾಹ್ನ 12ರೊಳಗೆ ಫೋನ್ ಅಥವಾ ಆ್ಯಪ್ ಮೂಲಕ ರಾಜ್ಯದ ವನ್ಯಜೀವಿ ಇಲಾಖೆಗೆ ವರದಿ ಮಾಡಿ, ಅವರು ಕೊಡುವ 18 ಅಂಕಿಯ ನಂಬರನ್ನು ಅದೇ ಟ್ಯಾಗ್ ಮೇಲೆ ಬರೆಯಬೇಕು. ತಗ್ಗಿನಲ್ಲಿ ಸಿಗ್ನಲ್ ಇಲ್ಲ, ಗುಡ್ಡ ಹತ್ತಬೇಕು. ಕರುಳು ತೆಗೆಯುವಾಗ ಚೂರಿಯ ಅಲಗು ಮೇಲ್ಮುಖವಾಗಿರಲಿ, ಎರಡು ಬೆರಳು ಅಡಿಯಲ್ಲಿ ಕೊಟ್ಟು ಹೊಟ್ಟೆ ಸೀಳಿದರೆ ಜಠರ ಒಡೆಯುವುದಿಲ್ಲ. ವಪೆಯನ್ನು ಪಕ್ಕೆಲುಬಿನ ಗುಂಟ ಕತ್ತರಿಸಿ, ಶ್ವಾಸನಾಳವನ್ನು ಆದಷ್ಟು ಮೇಲೆ ಕತ್ತಿನ ಹತ್ತಿರ ಕೊಯ್ದು ಎಳೆದರೆ ಎಲ್ಲ ಒಟ್ಟಿಗೆ ಬರುತ್ತದೆ. ಗಣಿಯ ಕೆಂಪು ನೀರಿನಲ್ಲಿ ತೊಳೆಯಬೇಡಿ. ಪೈರೈಟ್ ಎಂಬ ಗಂಧಕದ ಖನಿಜ ಕರಗಿದ ಆಮ್ಲದ ನೀರು ಅದು.

ಇನ್ನು ಗಾಡಿಯ ವಿಷಯ, ನೆನೆದರೆ ಈಗಲೂ ಮೈ ಉರಿಯುತ್ತದೆ. ಜಿಂಕೆ ಎಳೆಯುವ ಎರಡು ಚಕ್ರದ ಗಾಡಿಯನ್ನು ಒಂದು ಅಂಗಡಿಯಿಂದ ಬಾಡಿಗೆಗೆ ತಂದಿದ್ದೆವು. ಗಣಿ ಗುಡ್ಡಕ್ಕೆ ಎಂದು ಹೇಳಿಯೇ ಕೇಳಿದ್ದು. ಎಲ್ಲಿ ಬೇಕಾದರೂ ಓಡುತ್ತದೆ ಎಂದು ಕೊಟ್ಟದ್ದು ಗಾಳಿ ತುಂಬಿದ ಟೈರಿನದು. ಲೋಕಸ್ಟ್ ಎಳೆಗಿಡಗಳ ಮುಳ್ಳಿಗೆ ನೂರು ಗಜದೊಳಗೆ ಎರಡೂ ಚಕ್ರ ಕುಳಿತವು. ಒಂದೂವರೆ ಮೈಲಿ, ಕತ್ತಲು, ಐವತ್ತು ಕೆಜಿ ಜಿಂಕೆ. ವಾಪಸ್ ಕೊಡುವಾಗ ಪಂಕ್ಚರಿನ ದುಡ್ಡನ್ನೂ ಕಿತ್ತುಕೊಂಡರು. ಗಾಳಿಯಿಲ್ಲದ ಗಟ್ಟಿ ರಬ್ಬರ್ ಟೈರ್ ಇದ್ದರೆ ಮಾತ್ರ ಗಾಡಿ ತನ್ನಿ, ಇಲ್ಲವಾದರೆ ಪ್ಲಾಸ್ಟಿಕ್ ಸ್ಲೆಡ್ ವಾಸಿ. ಒಣಗಿದ ಹುಲ್ಲಿನ ಮೇಲೆ ಅದು ಚೆನ್ನಾಗಿ ಜಾರುತ್ತದೆ.

ಮಾಂಸ ಕತ್ತರಿಸಿ ಕೊಡುವ ಊರಿನ ಅಂಗಡಿಗಳು ಇಡೀ ಜಿಂಕೆಯನ್ನು ಸಿಹಿ ಸಾಸೇಜು, ಜರ್ಕಿ ಮಾಡಿ ಕೈಗಿಡುತ್ತವೆ. ಒಳ್ಳೆಯ ಮಾಂಸಕ್ಕೆ ಅದು ಅವಮಾನ. ಬೆನ್ನಿನ ಪಟ್ಟಿಯನ್ನು ಹಾಗೇ ತೆಗೆದುಕೊಂಡು ಬೆಣ್ಣೆಯಲ್ಲಿ ಎರಡೂ ಬದಿ ಸುಟ್ಟರೆ ಸಾಕು. ಭುಜ, ತೊಡೆಗೆ ಸ್ನೇಹಿತರು ಪಂದಿ ಕರಿಯ ಕಪ್ಪು ಮಸಾಲೆ ಹಾಕಿದರು, ಆದರೆ ವಿಧಾನ ಬದಲಿಸಬೇಕು. ಹಂದಿ ತನ್ನ ಕೊಬ್ಬಿನಲ್ಲೇ ಬೇಯುತ್ತದೆ. ಜಿಂಕೆಯ ಕೊಬ್ಬು ಆರಿದ ಕೂಡಲೇ ಬಾಯಿಗೆ ಮೇಣದಂತೆ ಮೆತ್ತುತ್ತದೆ, ಅದನ್ನೂ ಬೆಳ್ಳಿ ಪೊರೆಯನ್ನೂ ಪೂರ್ತಿ ಬಿಡಿಸಿ, ಬದಲಿಗೆ ಎಣ್ಣೆ ಧಾರಾಳವಾಗಿ ಹಾಕಬೇಕು. ಎರಡು ಗಂಟೆ ಸಣ್ಣ ಉರಿ, ಕಾಚಂಪುಳಿ ಕೊನೆಯಲ್ಲಿ. ಅಕ್ಕಿ ರೊಟ್ಟಿಗೂ ಆಗುತ್ತದೆ, ಕಡಂಬುಟ್ಟಿಗೆ ಇನ್ನೂ ಚೆನ್ನ.